ಕಾರಿನಲ್ಲಿ ವಿಎಚ್‌ಎಫ್ ಹ್ಯಾಮ್ ರೇಡಿಯೋ ಅಳವಡಿಸುವುದು: ಬ್ಯಾಟರಿಯಿಂದ ಆಂಟೆನಾ ತುದಿಯವರೆಗೆ

ಕಾರಿನಲ್ಲಿ ಹ್ಯಾಮ್ ರೇಡಿಯೋ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳು ಪರಸ್ಪರ ಮಾತಾಡಲು ಬಳಸುವ ರೇಡಿಯೋ, ಅಳವಡಿಸಿಕೊಂಡವರ ದೂರು ಬಹುತೇಕ ಒಂದೇ ಬಗೆಯದು. ಮನೆಯ ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ರೇಡಿಯೋವನ್ನು ಕಾರಿನಲ್ಲಿ ಕೂರಿಸಿದ ಮೇಲೆ ಎಲ್ಲರ ಮಾತೂ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಮೈಕಿನ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದ ಕೂಡಲೇ ಡಿಸ್‌ಪ್ಲೇ ಮಂಕಾಗಿ ರೇಡಿಯೋ ಆರಿಹೋಗುತ್ತದೆ. ಬೆರಳು ತೆಗೆದರೆ ಮತ್ತೆ ಹತ್ತಿಕೊಳ್ಳುತ್ತದೆ. ಇಂಥ ಸೆಟ್‌ಗಳನ್ನು ರಿಪೇರಿಗೆ ಒಯ್ದವರಲ್ಲಿ ಹೆಚ್ಚಿನವರು ಅವನ್ನು ಹಾಗೆಯೇ ವಾಪಸು ತರುತ್ತಾರೆ, ಏಕೆಂದರೆ ಕೆಟ್ಟಿರುವುದು ರೇಡಿಯೋ ಅಲ್ಲ, ಬ್ಯಾಟರಿಯಿಂದ ಅದಕ್ಕೆ ಬರುವ ದಾರಿ. ಈ ಬರಹದಲ್ಲಿ ಆ ದಾರಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಭಾರತದಲ್ಲಿ ಹವ್ಯಾಸಿಗಳಿಗೆ ಮೀಸಲಾದ 144ರಿಂದ 146 ಮೆಗಾಹರ್ಟ್ಜ್ ವಿಎಚ್‌ಎಫ್ (ಅತಿ ಹೆಚ್ಚಿನ ಆವರ್ತನ) ಬ್ಯಾಂಡಿನ, 50 ವಾಟ್ ಹೊರಸೂಸುವ, ವಾಹನಕ್ಕೆಂದೇ ಮಾಡಿದ ಮೊಬೈಲ್ ಸೆಟ್ ಮತ್ತು 12 ವೋಲ್ಟಿನ ಸಾಮಾನ್ಯ ಕಾರು ಅಥವಾ ಜೀಪು.

1. ಉಪಕರಣ ಮುಟ್ಟುವ ಮೊದಲು

ಹವ್ಯಾಸಿ ಪರವಾನಗಿ ಮತ್ತು ಕರೆಸಂಕೇತ (ಪ್ರಸಾರದಲ್ಲಿ ಹೇಳುವ ಗುರುತಿನ ಹೆಸರು) ಇಲ್ಲದೆ ಪ್ರಸಾರ ಮಾಡುವಂತಿಲ್ಲ. ಪರವಾನಗಿ ಇದ್ದವರೂ ತಮ್ಮ ದರ್ಜೆಗೆ ಎಷ್ಟು ವಾಟ್ ಅನುಮತಿಯಿದೆ, ವಾಹನದಿಂದ ಪ್ರಸಾರ ಮಾಡುವುದಕ್ಕೆ ಷರತ್ತುಗಳೇನು ಎಂಬುದನ್ನು ಪರವಾನಗಿ ಪತ್ರದಲ್ಲಿ ಓದಿಕೊಂಡೇ ಸೆಟ್ ಕೊಳ್ಳಬೇಕು.

ಎರಡನೆಯದು ವಾಹನದ ವೋಲ್ಟೇಜ್. ಕಾರು, ಜೀಪುಗಳಲ್ಲಿ 12 ವೋಲ್ಟ್ ಇರುತ್ತದೆ. ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಲಾರಿಯ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದುಕೊಳ್ಳುವ ಉಪಾಯ ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿ, ಇನ್ನೊಂದು ಸದಾ ಅತಿಯಾಗಿ ಚಾರ್ಜ್ ಆಗುತ್ತಾ ಎರಡೂ ಬೇಗ ಹಾಳಾಗುತ್ತವೆ. ಅಲ್ಲಿ 24ರಿಂದ 13.8 ವೋಲ್ಟಿಗೆ ಇಳಿಸುವ, ಕನಿಷ್ಠ 20 ಆಂಪಿಯರಿನ ಕನ್ವರ್ಟರ್ ಹಾಕಬೇಕು. ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳಲ್ಲಿ ಕಿತ್ತಳೆ ಬಣ್ಣದ ಯಾವ ಕೇಬಲ್ಲನ್ನೂ ಮುಟ್ಟಬಾರದು. ಅದು ಪ್ರಾಣ ತೆಗೆಯುವಷ್ಟು ವೋಲ್ಟೇಜಿನ ಮಾರ್ಗ.

ಮೂರನೆಯದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಅದೆಂದರೆ ರೇಡಿಯೋವನ್ನು ಮೊದಲು ಮನೆಯಲ್ಲೇ 13.8 ವೋಲ್ಟಿನ ಪವರ್ ಸಪ್ಲೈ ಮತ್ತು ಡಮ್ಮಿ ಲೋಡಿನ (ಆಂಟೆನಾ ಬದಲು ಜೋಡಿಸಿ, ಪ್ರಸಾರದ ಶಕ್ತಿಯನ್ನು ಶಾಖವಾಗಿ ಹೀರುವ ಸಾಧನದ) ಮೇಲೆ ಪೂರ್ಣ ಶಕ್ತಿಯಲ್ಲಿ ಒಂದೆರಡು ನಿಮಿಷ ಪರೀಕ್ಷಿಸುವುದು. ಸೆಟ್ ಸರಿಯಿದೆ ಎಂಬುದು ಇಲ್ಲಿಯೇ ಖಚಿತವಾದರೆ, ಮುಂದೆ ಕಾರಿನಲ್ಲಿ ಕಾಣುವ ದೋಷ ಕಾರಿನ ವೈರಿಂಗಿನದೇ ಎಂದು ನಿಶ್ಚಿಂತೆಯಿಂದ ಹುಡುಕಬಹುದು.

2. ಬೇಕಾಗುವ ಸಾಮಗ್ರಿ

ಕೆಂಪು ಮತ್ತು ಕಪ್ಪು ತಂತಿ, ಎರಡೂ ಕನಿಷ್ಠ 4 ಸ್ಕ್ವೇರ್ ಎಂಎಂ, ಬಹುಎಳೆಯ ತಾಮ್ರದ ಆಟೋಮೋಟಿವ್ ಕೇಬಲ್. ಮನೆ ವೈರಿಂಗಿನ ಸಾಧಾರಣ ಪಿವಿಸಿ ತಂತಿಯ ಹೊದಿಕೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ತಡೆಯುವಂಥದ್ದು. ಎಂಜಿನ್ ಕೋಣೆಯಲ್ಲಿ ಅದು ಸಾಲದು. ಇದಲ್ಲದೆ ಬೆಂಗಳೂರಿನ ಎಸ್‌ಪಿ ರಸ್ತೆ, ಜೆಸಿ ರಸ್ತೆಗಳಲ್ಲಿ ಆಂಪ್ಲಿಫೈಯರ್ ಕಿಟ್ ಎಂದು ಅಗ್ಗಕ್ಕೆ ಸಿಗುವ ದಪ್ಪ ಕೇಬಲ್ಲುಗಳಲ್ಲಿ ಹಲವು ತಾಮ್ರ ಲೇಪಿಸಿದ ಅಲ್ಯೂಮಿನಿಯಮ್. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಉಳಿದಂತೆ 20 ಆಂಪಿಯರ್ ಬ್ಲೇಡ್ ಫ್ಯೂಸುಗಳು ಮತ್ತು ನೀರು ತಾಗದ ಎರಡು ಫ್ಯೂಸ್ ಹೋಲ್ಡರ್, ತಂತಿಯ ತುದಿಗೆ ಹಾಕುವ ರಿಂಗ್ ಲಗ್ಗುಗಳು, ಅವನ್ನು ಅದುಮಿ ಬಿಗಿಯುವ ಒಳ್ಳೆಯ ಕ್ರಿಂಪಿಂಗ್ ಇಕ್ಕಳ, ತೂತಿನ ಅಂಚಿಗೆ ಕೂರಿಸುವ ರಬ್ಬರ್ ಗ್ರಾಮೆಟ್, ತಂತಿಯನ್ನು ಕಾಯುವ ಸುಕ್ಕುಕೊಳವೆ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್, ನೈಲಾನ್ ಟೈ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು. ಅಳತೆಗೆ ಮಲ್ಟಿಮೀಟರ್, ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾ ಎಷ್ಟು ಚೆನ್ನಾಗಿ ಹೊಂದಿದೆ, ಎಷ್ಟು ಶಕ್ತಿ ಮರಳಿ ಬರುತ್ತಿದೆ ಎಂದು ತೋರಿಸುವುದು) ಮತ್ತು 50 ಓಮ್ ಡಮ್ಮಿ ಲೋಡ್. ಕೊನೆಯ ಎರಡನ್ನು ಸ್ನೇಹಿತರಿಂದ ಒಂದು ದಿನದ ಮಟ್ಟಿಗೆ ಎರವಲು ತಂದರೂ ಸಾಕು, ಆದರೆ ಅವಿಲ್ಲದೆ ಕೆಲಸ ಶುರುಮಾಡಬೇಡಿ.

3. ಜಾಗ ಗೊತ್ತುಮಾಡುವುದು

50 ವಾಟ್ ಹೊರಗೆ ಕಳಿಸಲು ಈ ಸೆಟ್ ಸುಮಾರು 10 ಆಂಪಿಯರ್, ಎಂದರೆ ಸುಮಾರು 140 ವಾಟ್ ಎಳೆದುಕೊಳ್ಳುತ್ತದೆ. ಉಳಿದ 90 ವಾಟ್ ಹಿಂಭಾಗದ ರೆಕ್ಕೆಗಳಲ್ಲಿ ಶಾಖವಾಗಿ ಹೊರಬರುತ್ತದೆ. ಆದ್ದರಿಂದ ಸುತ್ತಲೂ ಗಾಳಿಯಾಡಬೇಕು. ಗ್ಲವ್ ಬಾಕ್ಸಿನೊಳಗೆ ತುರುಕುವುದು, ಎಸಿ ಹೀಟರಿನ ಬಾಯಿಗೆ ಎದುರಾಗಿ ಇಡುವುದು, ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸುವುದು ಮೂರೂ ಬೇಡ. ಮುಂಭಾಗ ಕಳಚಿ ಬರುವ ಸೆಟ್ ಆದರೆ ದೇಹವನ್ನು ಸೀಟಿನ ಕೆಳಗಿಟ್ಟು ಮುಖವನ್ನಷ್ಟೇ ಕೈಗೆಟುಕುವಂತೆ ಇಡಬಹುದು, ಸೀಟು ಹಿಂದೆ ಮುಂದೆ ಸರಿಯುವಾಗ ತಂತಿ ಕಚ್ಚದಂತೆ ನೋಡಿಕೊಂಡರೆ.

ಏರ್‌ಬ್ಯಾಗ್ ಅರಳುವ ದಾರಿಯಲ್ಲಿ ರೇಡಿಯೋ, ಮೈಕ್ ಕೊಕ್ಕೆ, ಸ್ಪೀಕರ್ ಯಾವುದೂ ಇರಕೂಡದು. ಬದಿಯ ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಮುಂಗಂಬದ ಪ್ಲಾಸ್ಟಿಕ್ ಹೊದಿಕೆಯೊಳಗೆ ಕೇಬಲ್ ತೂರಿಸುವುದೂ ಅಪಾಯಕರ. ತಳದಲ್ಲಿ ತೂತು ಕೊರೆಯುವ ಮೊದಲು ಕೆಳಗೆ ಬಗ್ಗಿ ನೋಡಬೇಕು, ಅಲ್ಲಿ ಇಂಧನದ ಕೊಳವೆ ಅಥವಾ ಬ್ರೇಕ್ ಕೊಳವೆ ಇದ್ದೀತು.

4. ಪವರ್ ತಂತಿ ಎಳೆಯುವುದು

ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಪವರ್ ತೆಗೆಯುವುದೇ ಮೊದಲು ಹೇಳಿದ ದೂರಿನ ಮುಖ್ಯ ಮೂಲ. ಅದರ ಹಿಂದಿರುವ ತಂತಿ ತೆಳು, ಸ್ಪ್ರಿಂಗಿನ ಸಂಪರ್ಕ ಸಡಿಲ, ಫ್ಯೂಸ್ ಮೊಬೈಲ್ ಚಾರ್ಜರಿನಂಥ ಸಣ್ಣ ಹೊರೆಗಳನ್ನು ಗಮನದಲ್ಲಿಟ್ಟದ್ದು. ಕೇಳುವಾಗ ರೇಡಿಯೋ ಒಂದು ಆಂಪಿಯರಿಗಿಂತ ಕಡಿಮೆ ಎಳೆಯುವುದರಿಂದ ಎಲ್ಲವೂ ಸರಿಯೆಂದೇ ತೋರುತ್ತದೆ. 10 ಆಂಪಿಯರ್ ಕೇಳಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ.

ಲೆಕ್ಕ ಸುಲಭ. 4 ಸ್ಕ್ವೇರ್ ಎಂಎಂ ತಾಮ್ರದ ಒಂದು ಮೀಟರಿಗೆ ಸುಮಾರು 4.4 ಮಿಲಿಓಮ್ ರೋಧ. ಬ್ಯಾಟರಿಯಿಂದ ರೇಡಿಯೋಗೆ 4 ಮೀಟರ್ ಎಂದರೆ ಹೋಗಿಬರಲು 8 ಮೀಟರ್. 10 ಆಂಪಿಯರಿಗೆ ತಂತಿಯಲ್ಲಿ ನಷ್ಟವಾಗುವುದು 0.35 ವೋಲ್ಟ್. ಅದೇ ಉದ್ದಕ್ಕೆ 1.5 ಸ್ಕ್ವೇರ್ ಎಂಎಂ ತಂತಿ ಹಾಕಿದರೆ ನಷ್ಟ 0.9 ವೋಲ್ಟಿಗೂ ಮಿಗಿಲು. 13.8 ವೋಲ್ಟಿಗೆ ಶೇ. 15ರಷ್ಟು ಹೆಚ್ಚು ಕಡಿಮೆ ತಡೆಯುವ ಸೆಟ್ 11.7 ವೋಲ್ಟಿನ ಕೆಳಗೆ ಸರಿಯಾಗಿ ಕೆಲಸ ಮಾಡದು. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿರುವುದೇ 12.6; ಅದರಲ್ಲಿ ತಂತಿಗೆ ಒಂದು ವೋಲ್ಟ್ ಬಿಟ್ಟುಕೊಟ್ಟರೆ ಉಳಿಯುವುದೇನು?

ಕೆಲಸದ ಕ್ರಮ ಹೀಗಿರಲಿ. ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ. ಪಾಸಿಟಿವ್ ಮೊದಲು ಬಿಚ್ಚಲು ಹೊರಟರೆ ಸ್ಪ್ಯಾನರಿನ ಇನ್ನೊಂದು ತುದಿ, ನೆಗೆಟಿವ್‌ಗೆ ಸೇರಿರುವ ಕಾರಿನ ಲೋಹದ ಬಾಡಿಗೆ ತಗುಲಿ ನೇರ ಶಾರ್ಟ್ ಆಗುತ್ತದೆ. ಮರುಜೋಡಿಸುವಾಗ ನೆಗೆಟಿವ್ ಕೊನೆಯದು. ಕೆಲವು ಕಾರುಗಳಲ್ಲಿ ಮ್ಯೂಸಿಕ್ ಸಿಸ್ಟಮ್ ಆಮೇಲೆ ಕೋಡ್ ಕೇಳುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಆಮೇಲೆ ಎಂಜಿನ್ ಕೋಣೆಗೂ ಒಳಾಂಗಣಕ್ಕೂ ನಡುವಿನ ತಗಡಿನಲ್ಲಿ, ಗ್ಯಾರೇಜಿನವರು ಫೈರ್‌ವಾಲ್ ಎನ್ನುವಲ್ಲಿ, ಕಂಪನಿಯೇ ಬಿಟ್ಟಿರುವ ರಬ್ಬರ್ ಮುಚ್ಚಳವೊಂದನ್ನು ಹುಡುಕಿ. ಹೊಸ ತೂತು ಕೊರೆಯುವುದು ಕೊನೆಯ ಆಯ್ಕೆ. ಯಾವುದೇ ತೂತಾದರೂ ಗ್ರಾಮೆಟ್ ಇಲ್ಲದೆ ತಂತಿ ದಾಟಿಸಬಾರದು. ಈ ಪಾಠವನ್ನು ನಾನು ಹಣ ಕೊಟ್ಟು ಕಲಿತಿದ್ದೇನೆ: ನನ್ನ ಹಳೆಯ ಜೀಪಿಗೆ ಒಬ್ಬ ಎಲೆಕ್ಟ್ರಿಷಿಯನ್ ತಂತಿಯನ್ನು ಬರಿಯ ತಗಡಿನ ಅಂಚಿನ ಮೇಲೆಯೇ ಹಾಯಿಸಿದ್ದರು, ಫ್ಯೂಸನ್ನು ರೇಡಿಯೋ ಪಕ್ಕದಲ್ಲಿ ಅಂದವಾಗಿ ಕಟ್ಟಿದ್ದರು. ಒಂದು ಮಳೆಗಾಲದ ಘಾಟಿ ರಸ್ತೆಯ ಕುಲುಕಾಟಕ್ಕೆ ಹೊದಿಕೆ ಸವೆದು ತಾಮ್ರ ಬಾಡಿಗೆ ತಾಗಿತು. ಫ್ಯೂಸ್ ಹಾರಲಿಲ್ಲ, ಹಾರುವುದಾದರೂ ಹೇಗೆ, ಶಾರ್ಟ್ ಆದದ್ದು ಫ್ಯೂಸಿಗಿಂತ ಮೊದಲೇ. ಬಾನೆಟ್ ಎತ್ತಿದಾಗ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ, ಬ್ಯಾಟರಿಯಿಂದ ಫೈರ್‌ವಾಲಿನವರೆಗೆ ಹೊದಿಕೆ ಕರಗಿ ಬೋಳಾದ ತಂತಿ. ಫ್ಯೂಸ್ ಕಾಯುವುದು ತನ್ನ ಮುಂದಿನ ತಂತಿಯನ್ನು ಮಾತ್ರ. ಆದ್ದರಿಂದ ಅದು ಬ್ಯಾಟರಿ ಟರ್ಮಿನಲ್ಲಿನಿಂದ 15 ಸೆಂಟಿಮೀಟರಿನೊಳಗೇ ಇರಬೇಕು. ರೇಡಿಯೋ ಜೊತೆಗೆ ಬಂದ ಫ್ಯೂಸ್ ರೇಡಿಯೋಗಾಗಿ, ಅದೂ ಅದರ ಸ್ಥಳದಲ್ಲೇ ಇರಲಿ.

ಎಂಜಿನ್ ಕೋಣೆಯಲ್ಲಿ ತಂತಿಯನ್ನು ಸುಕ್ಕುಕೊಳವೆಯಲ್ಲಿ ಹಾಕಿ, ಸೈಲೆನ್ಸರ್ ಕೊಳವೆ, ಟರ್ಬೋ, ಫ್ಯಾನ್ ಬೆಲ್ಟುಗಳಿಂದ ದೂರ, ಪ್ರತಿ ಗೇಣಿಗೊಂದು ಟೈ ಹಾಕಿ ಕಟ್ಟಿ. ಒಳಗೆ ಬಾಗಿಲಿನ ಹೊಸ್ತಿಲ ಪಟ್ಟಿಯ ಕೆಳಗೆ ಸಾಗಿಸಿ. ಪೆಡಲುಗಳ ಹತ್ತಿರ, ಸ್ಟಿಯರಿಂಗ್ ಕಂಬದ ಸುತ್ತ ಬೇಡವೇ ಬೇಡ. ಲಗ್ಗುಗಳನ್ನು ಕ್ರಿಂಪ್ ಮಾಡಿ. ಬೆಸುಗೆ ಹಾಕಿದ ತುದಿ ಗಟ್ಟಿಯಾಗಿ, ಬೆಸುಗೆ ಮುಗಿದ ಜಾಗದಲ್ಲಿ ಕಂಪನಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಫ್ಯೂಸನ್ನು ಇನ್ನೂ ಹಾಕಬೇಡಿ.

5. ನೆಗೆಟಿವ್ ಎಲ್ಲಿಗೆ?

ಕೆಂಪು ತಂತಿಯ ಬಗ್ಗೆ ಎಚ್ಚರ ವಹಿಸುವವರು ಕಪ್ಪು ತಂತಿಯನ್ನು ಸಿಕ್ಕಿದ ಸ್ಕ್ರೂವಿಗೆ ಸುತ್ತಿಬಿಡುತ್ತಾರೆ. ಹೋದಷ್ಟೇ ವಿದ್ಯುತ್ತು ಮರಳಿಯೂ ಬರಬೇಕು, ಹಾಗಾಗಿ ಎರಡೂ ತಂತಿ ಒಂದೇ ದಪ್ಪ, ಒಂದೇ ಕಾಳಜಿ.

ಇತ್ತೀಚಿನ ಹಲವು ಕಾರುಗಳಲ್ಲಿ, ಅದರಲ್ಲೂ ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಲ್ಲುವ ಮಾದರಿಗಳಲ್ಲಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಪುಟ್ಟ ಪೆಟ್ಟಿಗೆಯಂಥ ಸೆನ್ಸರ್ ಕೂತಿರುತ್ತದೆ. ಬ್ಯಾಟರಿಗೆ ಬರುವ, ಹೋಗುವ ವಿದ್ಯುತ್ತನ್ನು ಅದು ಎಣಿಸುತ್ತಿರುತ್ತದೆ. ರೇಡಿಯೋದ ಕಪ್ಪು ತಂತಿಯನ್ನು ನೇರ ಕಂಬಕ್ಕೆ ಕಟ್ಟಿದರೆ ಆ ಲೆಕ್ಕ ತಪ್ಪುತ್ತದೆ. ಅಲ್ಲಿ ಬ್ಯಾಟರಿಯ ನೆಗೆಟಿವ್ ಪಟ್ಟಿ ಬಾಡಿಗೆ ಬೋಲ್ಟ್ ಆಗಿರುವ ಜಾಗಕ್ಕೇ ನಮ್ಮ ಲಗ್ಗನ್ನೂ ಸೇರಿಸಬೇಕು. ಸೆನ್ಸರ್ ಇಲ್ಲದ ಹಳೆಯ ವಾಹನಗಳಲ್ಲಿ ನೇರ ಕಂಬಕ್ಕೂ ಕಟ್ಟಬಹುದು, ಆದರೆ ಆಗ ಕಪ್ಪು ತಂತಿಗೂ ಬ್ಯಾಟರಿ ಬಳಿ ಫ್ಯೂಸ್ ಬೇಕು: ಎಂಜಿನ್ನಿನ ಅರ್ಥ್ ಪಟ್ಟಿ ತುಕ್ಕು ಹಿಡಿದು ಕಡಿದ ದಿನ ಸ್ಟಾರ್ಟರ್ ಮೋಟರಿನ ನೂರಾರು ಆಂಪಿಯರ್ ರೇಡಿಯೋದ ತಂತಿಯಲ್ಲಿ ಮರಳಲು ನೋಡುತ್ತದೆ. ನನ್ನ ಒಲವು ಎಲ್ಲ ವಾಹನಗಳಲ್ಲೂ ಬಾಡಿ ಬೋಲ್ಟಿನ ಕಡೆಗೇ.

ಬೋಲ್ಟಿನಡಿಯ ಬಣ್ಣವನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಲಗ್ ಬಿಗಿದು, ಮೇಲೆ ಗ್ರೀಸ್ ಸವರಿ.

6. ಆಂಟೆನಾ ಮತ್ತು ಅದರ ಕೇಬಲ್

ಕಾಲು ತರಂಗದ ಸಲಾಕೆ, ಅಂದರೆ ಅಲೆಯ ಉದ್ದದ ಸುಮಾರು ಕಾಲು ಭಾಗದಷ್ಟಿರುವ ಆಂಟೆನಾ ಕಡ್ಡಿ, 145 ಮೆಗಾಹರ್ಟ್ಜಿಗೆ ಸುಮಾರು 49 ಸೆಂಟಿಮೀಟರ್. ಇನ್ನರ್ಧ ಆಂಟೆನಾ ಅದರ ಕೆಳಗಿನ ಲೋಹದ ಛಾವಣಿಯೇ. ಆದ್ದರಿಂದ ಛಾವಣಿಯ ನಡುಮಧ್ಯ ಎಲ್ಲಕ್ಕಿಂತ ಉತ್ತಮ ಜಾಗ. ಬಂಪರಿನ ಮೂಲೆ ಎಲ್ಲಕ್ಕಿಂತ ಕಳಪೆ. ನಡುಮಧ್ಯದಲ್ಲಿದ್ದರೆ ಲೋಹದ ಛಾವಣಿಯೇ ಪ್ರಯಾಣಿಕರಿಗೂ ರೇಡಿಯೋ ಅಲೆಗಳಿಗೂ ನಡುವೆ ಗೋಡೆಯಾಗುತ್ತದೆ. ಗಾಜಿನ ಛಾವಣಿಯ ಕಾರುಗಳಲ್ಲಿ ಡಿಕ್ಕಿ ಬಾಗಿಲಿನ ಅಂಚಿಗೆ ಕಚ್ಚುವ ಕ್ಲ್ಯಾಂಪ್ ಬಳಸಬೇಕು, ಅದರ ಸ್ಕ್ರೂ ಬಣ್ಣ ಸೀಳಿ ಲೋಹ ಮುಟ್ಟಿದೆಯೇ ಎಂದು ಮೀಟರಿನಿಂದ ನೋಡಿಕೊಳ್ಳಬೇಕು.

ಆಂಟೆನಾ ಕೂರಿಸಲು ತೂತು ಕೊರೆದು ಹಾಕುವ ಎನ್‌ಎಂಒ ಎಂಬ ಬಗೆಯ ಮೌಂಟಿಗೆ 19 ಮಿಲಿಮೀಟರ್ ರಂಧ್ರ ಸಾಕು, ಅದು ಕಾರಿನ ಆಯುಷ್ಯದುದ್ದಕ್ಕೂ ಬಾಳುತ್ತದೆ. ಹೊಸ ಕಾರಿನ ನೆತ್ತಿಗೆ ಡ್ರಿಲ್ ಇಡಲು ಎದೆ ಗಟ್ಟಿ ಬೇಕು, ಮನೆಯವರ ಒಪ್ಪಿಗೆಯೂ ಬೇಕು. ಇಲ್ಲದವರಿಗೆ ಮ್ಯಾಗ್ನೆಟ್ ಮೌಂಟ್ ಇದೆ. ಮ್ಯಾಗ್ನೆಟ್ಟಿನ ಅಡಿಯಲ್ಲಿ ಕೆಂಪು ದೂಳು ಸೇರಿ ಬಣ್ಣ ಗೀರುತ್ತದೆ, ವಾರಕ್ಕೊಮ್ಮೆ ಎತ್ತಿ ಒರೆಸಿ. ಎಳೆದು ಸರಿಸಬೇಡಿ, ಓರೆ ಮಾಡಿ ಎತ್ತಿ.

ರೇಡಿಯೋದಿಂದ ಆಂಟೆನಾಗೆ ಹೋಗುವ ಆರ್‌ಜಿ-58 ಕೇಬಲ್ (ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ ಇರುವುದು) ಈ ಆವರ್ತನದಲ್ಲಿ ಮೀಟರಿಗೆ ಸುಮಾರು 0.2 ಡೆಸಿಬೆಲ್ ನುಂಗುತ್ತದೆ. 5 ಮೀಟರಿಗೆ ಒಂದು ಡೆಸಿಬೆಲ್, ಎಂದರೆ 50 ವಾಟಿನಲ್ಲಿ ಆಂಟೆನಾ ಮುಟ್ಟುವುದು 40. ಹೆಚ್ಚುವರಿ ಕೇಬಲ್ಲನ್ನು ಸೀಟಿನಡಿ ಸುತ್ತಿಡುವ ಬದಲು ಕತ್ತರಿಸಿ ಹೊಸ ಕನೆಕ್ಟರ್ ಹಾಕುವುದು ಲೇಸು. ಬಾಗಿಲಿನ ಸಂದಿಯಲ್ಲಿ ಕೇಬಲ್ ಜಜ್ಜಿಹೋಗುವುದು ಸಾಮಾನ್ಯ ತಪ್ಪು: ಹೊರಗೆ ಏನೂ ಕಾಣದು, ಒಳಗೆ ನಡುತಂತಿ ಜಾಲರಿಯತ್ತ ಸರಿದಿರುತ್ತದೆ. ಹಿಂಬಾಗಿಲಿನ ದಪ್ಪ ರಬ್ಬರ್ ಇರುವ ಕಡೆಯಿಂದ ಒಳತನ್ನಿ, ಒಳಬರುವ ಮೊದಲು ಕೆಳಕ್ಕೆ ಒಂದು ಬಾಗು ಕೊಡಿ, ಮಳೆನೀರು ಅಲ್ಲಿಂದ ತೊಟ್ಟಿಕ್ಕಿ ಹೋಗಲಿ. ಹೊರಗಿನ ಪ್ರತಿ ಜೋಡಣೆಗೂ ರಬ್ಬರ್ ಟೇಪು ಸುತ್ತಬೇಕು. ಮಲೆನಾಡಿನ ಒಂದು ಜುಲೈ ಸಾಕು, ಬರಿಯ ಕನೆಕ್ಟರ್ ಹಸಿರು ತಿರುಗಲು. ಕೇಬಲ್ಲನ್ನು ಪವರ್ ತಂತಿಯ ಎದುರು ಬದಿಯಲ್ಲಿ ಸಾಗಿಸುವುದು ಒಳ್ಳೆಯದು.

7. ಫ್ಯೂಸ್ ಹಾಕುವ ಹೊತ್ತು

ರೇಡಿಯೋ ಪ್ಲಗ್ ಕಳಚಿರುವಾಗ, ಫ್ಯೂಸ್ ಇಲ್ಲದೆಯೇ, ಕೆಂಪು ತಂತಿಗೂ ಬಾಡಿಗೂ ನಡುವೆ ರೋಧ ಅಳೆಯಿರಿ. ಮೀಟರ್ ಅನಂತ ತೋರಿಸಬೇಕು. ಯಾವುದೇ ಅಂಕಿ ಬಂದರೆ ಎಲ್ಲೋ ತಂತಿ ಗೀರಿದೆ ಎಂದರ್ಥ, ಮುಂದುವರಿಯಬೇಡಿ. ಆಮೇಲೆ ಬ್ಯಾಟರಿ ಜೋಡಿಸಿ, ಫ್ಯೂಸ್ ಹಾಕಿ, ಪ್ಲಗ್ ತುದಿಯಲ್ಲಿ ಕೆಂಪು ಪಾಸಿಟಿವ್ ಆಗಿಯೇ ಇದೆಯೆಂದು ನೋಡಿ, ಕೊನೆಗೆ ರೇಡಿಯೋ ಸೇರಿಸಿ.

ಈಗ ಆಂಟೆನಾ ಜಾಗದಲ್ಲಿ ಡಮ್ಮಿ ಲೋಡ್ ಹಾಕಿ. ಪ್ರಸಾರವಾಗುವಾಗ ಅಲೆಗಳು ಮೀಟರಿನೊಳಗೂ ನುಗ್ಗಿ ಸುಳ್ಳು ಅಂಕಿ ತೋರಿಸುವುದನ್ನು ಇದು ತಪ್ಪಿಸುತ್ತದೆ. ಎಂಜಿನ್ ಚಾಲೂ ಮಾಡಿ, ರೇಡಿಯೋದ ಪ್ಲಗ್ ತುದಿಯಲ್ಲಿ ವೋಲ್ಟೇಜ್ ಓದಿ, ಪೂರ್ಣ ಶಕ್ತಿಯಲ್ಲಿ ಪಿಟಿಟಿ ಒತ್ತಿ, ಮತ್ತೆ ಓದಿ. ಅರ್ಧ ವೋಲ್ಟಿನೊಳಗೆ ಇಳಿದರೆ ಕೆಲಸ ಸರಿ. ಹೆಚ್ಚು ಇಳಿದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದು ಉದ್ದ ತಂತಿಯ ನೆರವಿನಿಂದ ರೇಡಿಯೋದ ಪಾಸಿಟಿವ್ ಮೇಲೆ ಇಟ್ಟು ಪಿಟಿಟಿ ಒತ್ತಿಸಿ: ಕಾಣುವ ಅಂಕಿಯೇ ಕೆಂಪು ದಾರಿಯ ನಷ್ಟ. ನೆಗೆಟಿವ್ ಬದಿಗೂ ಹಾಗೆಯೇ. ಸ್ನೇಹಿತರೊಬ್ಬರ ಕಾರಿನಲ್ಲಿ ಕೆಂಪು ಬದಿ 0.17, ಕಪ್ಪು ಬದಿ 0.9 ತೋರಿಸಿತು. ಅವರು ಎರಡು ತಿಂಗಳಿಂದ ಬ್ಯಾಟರಿ ಬದಲಿಸುವ ಮಾತಾಡುತ್ತಿದ್ದರು. ಲಗ್ ಬಿಚ್ಚಿದರೆ ಅಡಿಯಲ್ಲಿ ಕಂಪನಿಯ ಬಿಳಿ ಬಣ್ಣ ಹಾಗೆಯೇ ಇತ್ತು, ಬೋಲ್ಟಿನ ಎಳೆಯಷ್ಟೇ ಲೋಹ ಮುಟ್ಟುತ್ತಿತ್ತು. ಎರಡು ನಿಮಿಷ ಉಜ್ಜಿ ಬಿಗಿದ ಮೇಲೆ ಅದೂ 0.2ಕ್ಕೆ ಇಳಿಯಿತು.

8. ಎಸ್‌ಡಬ್ಲ್ಯೂಆರ್ ಹೊಂದಿಸುವುದು

ಕಾರನ್ನು ಗೋಡೆ, ಶೆಡ್ಡುಗಳಿಂದ ದೂರ ಬಯಲಿಗೆ ತನ್ನಿ, ಬಾಗಿಲುಗಳನ್ನೆಲ್ಲ ಮುಚ್ಚಿ. ಆಂಟೆನಾ ಜೋಡಿಸಿ, ಕಡಿಮೆ ಶಕ್ತಿಯಲ್ಲಿ, ಯಾರೂ ಬಳಸದಿರುವ ಆವರ್ತನವೆಂದು ಕೇಳಿ ಖಚಿತಪಡಿಸಿಕೊಂಡು, ಕರೆಸಂಕೇತ ಹೇಳಿ ಬ್ಯಾಂಡಿನ ಆರಂಭ, ಮಧ್ಯ, ಕೊನೆಯಲ್ಲಿ ಅಳೆಯಿರಿ. 1.5ರೊಳಗಿದ್ದರೆ ಚೆನ್ನ, 2ರವರೆಗೆ ನಡೆಯುತ್ತದೆ, 3 ದಾಟಿದರೆ ಪ್ರಸಾರ ನಿಲ್ಲಿಸಿ ಕೇಬಲ್ ಪರಿಶೀಲಿಸಿ.

ಕೆಳಗಿನ ಆವರ್ತನದಲ್ಲಿ ಕಡಿಮೆ, ಮೇಲಕ್ಕೆ ಹೋದಂತೆ ಹೆಚ್ಚು ಬಂದರೆ ಸಲಾಕೆ ಉದ್ದವಾಗಿದೆ, ಕತ್ತರಿಸಬೇಕು. ಇಲ್ಲಿ ಅವಸರ ಮಾಡಿದವರು ಹೊಸ ಸಲಾಕೆ ಕೊಂಡಿದ್ದಾರೆ. ಒಂದು ಮಿಲಿಮೀಟರ್ ಕತ್ತರಿಸಿದರೆ ಅನುರಣನ (ಆಂಟೆನಾ ಹೊಂದಿಕೊಳ್ಳುವ ಆವರ್ತನ) ಸುಮಾರು 0.3 ಮೆಗಾಹರ್ಟ್ಜ್ ಮೇಲೇರುತ್ತದೆ, ಬ್ಯಾಂಡಿನ ಅಗಲವೇ 2 ಮೆಗಾಹರ್ಟ್ಜ್. ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಒಮ್ಮೆಗೇ ತೆಗೆಯಬೇಡಿ. ನ್ಯಾನೋವಿಎನ್‌ಎ ಎಂಬ, ಆಂಟೆನಾ ಅಳೆಯುವ ಪುಟ್ಟ ಉಪಕರಣ ಬಳಸುವವರಿಗೆ ಒಂದೇ ಎಚ್ಚರಿಕೆ: ಅದು ಕೇಬಲ್ಲಿಗೆ ಜೋಡಿಸಿರುವಾಗ ರೇಡಿಯೋ ಅದೇ ಕೇಬಲ್ಲಿನಲ್ಲಿ ಇರಬಾರದು, ಒಂದು ಬಾರಿ ಪಿಟಿಟಿ ತಪ್ಪಿ ಒತ್ತಿದರೂ ಉಪಕರಣದ ಕಥೆ ಮುಗಿಯಿತು.

ಕೇಬಲ್ ಅನುಮಾನ ಬಂದಾಗ ಮಲ್ಟಿಮೀಟರಿನಲ್ಲಿ ನಡುತಂತಿ ಮತ್ತು ಜಾಲರಿ ನಡುವೆ ನೋಡುತ್ತಾರೆ. ಕಾಲು ತರಂಗದ ಸಲಾಕೆಯಲ್ಲಿ ಸಂಪರ್ಕ ಇರಬಾರದು; ಆದರೆ ಬುಡದಲ್ಲಿ ಸುರುಳಿ ಇರುವ ಕೆಲವು ಉದ್ದ ಆಂಟೆನಾಗಳಲ್ಲಿ ಶಾರ್ಟ್ ತೋರಿಸುವುದೇ ಸಹಜ. ಸಲಾಕೆ, ಸುರುಳಿ ತೆಗೆದಿಟ್ಟು ಕೇಬಲ್ಲನ್ನಷ್ಟೇ ಅಳೆದರೆ ಗೊಂದಲವಿಲ್ಲ.

9. ಗದ್ದಲ

ಎಂಜಿನ್ ವೇಗದೊಂದಿಗೆ ಏರಿಳಿಯುವ ಕೀರಲು ದನಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು, ಅದು ಹೆಚ್ಚಾಗಿ ಕೆಟ್ಟ ಅರ್ಥಿಂಗಿನ ಫಲ. 5ನೇ ಹಂತಕ್ಕೆ ಮರಳಿ. ಎಂಜಿನ್ ನಿಲ್ಲಿಸಿದರೂ ಉಳಿಯುವ ಗದ್ದಲಕ್ಕೆ ಡ್ಯಾಶ್‌ಕ್ಯಾಮ್ ಮತ್ತು ಅಗ್ಗದ ಯುಎಸ್‌ಬಿ ಚಾರ್ಜರ್‌ಗಳೇ ಮೊದಲ ಶಂಕಿತರು. ಒಂದೊಂದಾಗಿ ಕಿತ್ತು ನೋಡಿ. ಸಿಕ್ಕಿಬಿದ್ದ ಚಾರ್ಜರಿನ ತಂತಿಗೆ ಗದ್ದಲ ತಡೆಯುವ ಫೆರೈಟ್ ಮಣಿ ಹಾಕಬಹುದು, ಬೇರೆ ಚಾರ್ಜರ್ ತರುವುದು ಇನ್ನೂ ಸುಲಭ.

10. ಮೊದಲ ತಿಂಗಳಲ್ಲಿ ಗಮನಿಸಬೇಕಾದದ್ದು

ಹತ್ತು ನಿಮಿಷದ ಮಾತುಕತೆಯ ನಂತರ ಫ್ಯೂಸ್ ಹೋಲ್ಡರ್, ಲಗ್ಗುಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಹಿಸಬಹುದು, ಬೆರಳು ಇಡಲಾಗದಷ್ಟು ಬಿಸಿಯಾದರೆ ಆ ಜೋಡಣೆ ಸಡಿಲ. ಹಾರಿದ ಫ್ಯೂಸಿನ ಜಾಗಕ್ಕೆ 30 ಆಂಪಿಯರಿನದು ಹಾಕುವುದು, ಅದಕ್ಕಿಂತ ಕೆಟ್ಟದ್ದೆಂದರೆ ಬೆಳ್ಳಿಕಾಗದ ಸುತ್ತುವುದು, ರೋಗ ಬಿಟ್ಟು ಥರ್ಮಾಮೀಟರ್ ಒಡೆದಂತೆ.

ಪ್ರಸಾರ ಮಾಡುವಾಗ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಮಿನುಗಿದರೆ, ವೈಪರ್ ತಾನಾಗಿ ಓಡಿದರೆ, ಎಂಜಿನ್ ಮುಗ್ಗರಿಸಿದರೆ ತಕ್ಷಣ ನಿಲ್ಲಿಸಿ, ಆಂಟೆನಾ ಅಥವಾ ಕೇಬಲ್ಲಿನ ದಾರಿ ಬದಲಿಸಿ. ಮಳೆಯ ದಿನ ಮಾತ್ರ ಎಸ್‌ಡಬ್ಲ್ಯೂಆರ್ ಏರಿದರೆ ಕನೆಕ್ಟರಿಗೆ ನೀರು ಹೊಕ್ಕಿದೆ. ಕಾರು ವಾರಗಟ್ಟಲೆ ನಿಲ್ಲುವುದಾದರೆ ರೇಡಿಯೋ ಪೂರ್ತಿ ಆಫ್ ಆಗಿದೆಯೇ ನೋಡಿ. ಮರೆಯುವ ಸ್ವಭಾವವಿದ್ದರೆ ಕೀಲಿ ತೆಗೆದಾಗ ಸಂಪರ್ಕ ಕಡಿಯುವ 40 ಆಂಪಿಯರ್ ರಿಲೇ ಒಂದನ್ನು ಕೆಂಪು ತಂತಿಯಲ್ಲಿ ಸೇರಿಸಿ. ಪೆಟ್ರೋಲ್ ಬಂಕಿನೊಳಗೆ ತಿರುಗುವ ಮೊದಲು ರೇಡಿಯೋ ಆರಿಸಿ. ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಮೊದಲು ಆಂಟೆನಾ ತೆಗೆದಿಡಿ, ಅದರ ತುದಿ ತೊಲೆಗೆ ತಗುಲುವ ಸದ್ದು ಒಮ್ಮೆ ಕೇಳಿದವರು ಮತ್ತೆ ಮರೆಯುವುದಿಲ್ಲ.

ತಿಂಗಳು ಕಳೆದ ಮೇಲೆ ಬಾನೆಟ್ ಎತ್ತಿ, ಲಗ್ಗುಗಳನ್ನೊಮ್ಮೆ ಬಿಗಿದು, ಸುಕ್ಕುಕೊಳವೆಯ ಮೇಲೆ ಇಲಿಯ ಹಲ್ಲಿನ ಗುರುತಿದೆಯೇ ಎಂದು ಕೈಯಾಡಿಸಿ ನೋಡಿ, ರೇಡಿಯೋ ತುದಿಯ ವೋಲ್ಟೇಜನ್ನು ಮತ್ತೊಮ್ಮೆ ಪಿಟಿಟಿ ಒತ್ತಿ ಅಳೆದು, ಮೊದಲ ದಿನದ ಅಂಕಿಯ ಪಕ್ಕದಲ್ಲಿ ಬರೆದಿಡಿ.